ಹ್ಯಾಂಡಲ್ ಪಾಸ್: ಬೆನ್ನ ಹಿಂದೆ ಬಾರ್ ದಾಟಿಸುವುದು ಹೇಗೆ?

ಕೈಟ್‌ಬೋರ್ಡಿಂಗ್ ಅಂದರೆ ಕಾಲಿಗೆ ಬೋರ್ಡ್ ಸಿಕ್ಕಿಸಿಕೊಂಡು, ಕೈಟ್ ಅನ್ನುವ ದೊಡ್ಡ ಗಾಳಿಪಟದ ಎಳೆತಕ್ಕೆ ನೀರಿನ ಮೇಲೆ ಜಾರುವ ಆಟ. ಅದರ ವಿಡಿಯೋ ನೋಡುವವರಿಗೆ ಈ ದೃಶ್ಯ ಪರಿಚಯ ಇರುತ್ತದೆ. ಸವಾರ ನೀರಿನಿಂದ ಛಂಗನೆ ಚಿಮ್ಮುತ್ತಾನೆ. ಮೈ ಅಡ್ಡಡ್ಡ ಚಾಚಿಕೊಳ್ಳುತ್ತದೆ. ಒಂದು ಗಿರಕಿ. ಎದೆಯ ಮುಂದಿದ್ದ ಬಾರ್, ಅಂದರೆ ಕೈಟ್‌ನ ಹಿಡಿಕೋಲು, ಬೆನ್ನ ಹಿಂದಿನಿಂದ ಹಾದು ಇನ್ನೊಂದು ಕೈಗೆ ಬಂದಿರುತ್ತದೆ. ಅಷ್ಟರಲ್ಲಿ ಬೋರ್ಡ್ ಮತ್ತೆ ನೀರು ಮುಟ್ಟಿರುತ್ತದೆ. ಎಲ್ಲ ಸೇರಿ ಒಂದು ಸೆಕೆಂಡು ಚಿಲ್ಲರೆ. ಏನಾಯಿತು ಅಂತ ತಿಳಿಯಬೇಕಾದರೆ ಎರಡು ಮೂರು ಸಲ ನಿಧಾನ ಮಾಡಿ ನೋಡಬೇಕು.

ಇದಕ್ಕೆ ಹ್ಯಾಂಡಲ್ ಪಾಸ್ ಅನ್ನುತ್ತಾರೆ. ನೋಡಿದವರಿಗೆಲ್ಲ ಕೈಚಳಕದ ಹಾಗೆ ಕಾಣುತ್ತದೆ. ಕಲಿಯಲು ಹೊರಟವರೂ ಹಾಗೇ ಅಂದುಕೊಂಡು, ಎಷ್ಟು ಬೇಗ ಕೈ ಹಿಂದೆ ಹೋಗಬೇಕು, ಭುಜ ಎಷ್ಟು ಬಾಗಬೇಕು ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಪ್ರಕಾರ ಕೈಯ ಕೆಲಸ ಇದರಲ್ಲಿ ಕೊನೆಯದು, ಸುಲಭದ್ದೂ ಹೌದು. ಪಾಸ್ ಆಗುತ್ತದೋ ಇಲ್ಲವೋ ಅನ್ನುವುದು ಕಾಲು ನೀರಿನಲ್ಲಿ ಇದ್ದಾಗಲೇ ಹೆಚ್ಚುಕಮ್ಮಿ ತೀರ್ಮಾನವಾಗಿರುತ್ತದೆ. ಕೈಟ್‌ನಿಂದ ಬಾರ್‌ಗೆ ಬರುವ ಹಗ್ಗಗಳು, ಅಂದರೆ ಲೈನ್‌ಗಳು, ಸಡಿಲವಾದರೆ ಬಾರ್ ತಾನಾಗಿ ಕೈಗೆ ಬರುತ್ತದೆ. ಬಿಗಿಯಾಗಿದ್ದರೆ ಪೈಲ್ವಾನನಿಗೂ ಅದನ್ನು ಬೆನ್ನ ಹಿಂದಕ್ಕೆ ತರೋಕೆ ಆಗಲ್ಲ.

ಅದು ಯಾಕೆ ಅಂತ ತಿಳಿಯಲು ಮೊದಲು ಸಾಮಾನಿನ ಕಡೆ ಒಂದು ನೋಟ ಹಾಕೋಣ.

ಕೊಕ್ಕೆ ಬಿಡಿಸಿದ ಮೇಲೆ

ಮೇಲೆ ಕೈಟ್. ಅದರಿಂದ ಇಳಿದ ನಾಲ್ಕು ಲೈನ್, ಕೆಲವು ಕೈಟ್‌ಗಳಿಗೆ ಐದು. ಉದ್ದ ಸಾಮಾನ್ಯವಾಗಿ 20ರಿಂದ 24 ಮೀಟರ್. ಕೆಳಗೆ ಕೈಯಲ್ಲಿ ಹಿಡಿಯುವ ಬಾರ್. ನಡುವಿನ ಎರಡು ಲೈನ್ ಕೈಟ್‌ನ ಮುಂಭಾಗಕ್ಕೆ ಹೋಗುತ್ತವೆ, ಎಳೆತದ ದೊಡ್ಡ ಪಾಲು ಅವುಗಳ ಮೇಲೇ. ಬಾರ್‌ನ ಎರಡು ತುದಿಯಿಂದ ಹೊರಟ ಲೈನ್‌ಗಳು ಹಿಂಭಾಗಕ್ಕೆ ಹೋಗುತ್ತವೆ, ಕೈಟ್ ತಿರುಗಿಸುವುದು ಅವು. ನಡುವಿನ ಲೈನ್‌ಗಳು ಬಾರ್‌ನ ತೂತಿನೊಳಗೆ ಇಳಿದು ಚಿಕನ್ ಲೂಪ್ ಅನ್ನುವ ಬಳೆಯಲ್ಲಿ ಮುಗಿಯುತ್ತವೆ. ಆ ಬಳೆ ಸವಾರ ಸೊಂಟಕ್ಕೆ ಕಟ್ಟಿಕೊಳ್ಳುವ ಅಗಲದ ಪಟ್ಟಿ, ಅಂದರೆ ಹಾರ್ನೆಸ್‌ನಲ್ಲಿರುವ ಕೊಕ್ಕೆಗೆ ಸಿಕ್ಕಿಕೊಂಡಿರುತ್ತದೆ. ಹೀಗಾಗಿ ಮಾಮೂಲಿ ಸವಾರಿಯಲ್ಲಿ ಕೈಟ್ ಎಳೆಯುವುದು ಸೊಂಟವನ್ನು. ಕೈಗೆ ಅಷ್ಟೇನೂ ಶ್ರಮ ಇಲ್ಲ. ಬಾರ್ ದೂರ ತಳ್ಳಿದರೆ ಎಳೆತ ಕಮ್ಮಿ, ಹತ್ತಿರ ಎಳೆದುಕೊಂಡರೆ ಜಾಸ್ತಿ.

ಆದರೆ ಕೊಕ್ಕೆ ಇರುವುದು ಹೊಟ್ಟೆಯ ಮುಂದೆ. ಅದಕ್ಕೆ ಸಿಕ್ಕಿಕೊಂಡಿರುವಾಗ ಕೈಟ್‌ಗೆ ಬೆನ್ನು ತೋರಿಸೋಕೆ ಆಗಲ್ಲ. ಹಾಗಾಗಿ ಹ್ಯಾಂಡಲ್ ಪಾಸ್‌ಗೆ ಹೋಗುವವರು ಮೊದಲು ಲೂಪನ್ನು ಕೊಕ್ಕೆಯಿಂದ ಬಿಡಿಸುತ್ತಾರೆ. ಇದಕ್ಕೆ ಅನ್‌ಹುಕ್ ಮಾಡುವುದು ಅನ್ನುತ್ತಾರೆ. ಅಲ್ಲಿಂದ ಮುಂದೆ ಕೈಟ್‌ಗೂ ನಿಮಗೂ ನಡುವೆ ಇರುವುದು ನಿಮ್ಮ ಹತ್ತು ಬೆರಳು, ಮತ್ತು ಹಾರ್ನೆಸ್‌ಗೆ ಕಟ್ಟಿದ ಒಂದು ಸುರಕ್ಷತಾ ಹಗ್ಗ, ಅಂದರೆ ಲೀಶ್.

ಇಲ್ಲಿ ಎರಡು ಸಂಗತಿ ಬದಲಾಗುತ್ತವೆ. ಎರಡನ್ನೂ ಹೊಸಬರು ಲಘುವಾಗಿ ತೆಗೆದುಕೊಳ್ಳುತ್ತಾರೆ.

ಒಂದು, ಟ್ರಿಮ್, ಅಂದರೆ ಮುಂದಿನ ಮತ್ತು ಹಿಂದಿನ ಲೈನ್‌ಗಳ ಉದ್ದದ ಹೊಂದಾಣಿಕೆ. ಅನ್‌ಹುಕ್ ಆದ ತಕ್ಷಣ ಚಿಕನ್ ಲೂಪ್ ಮೇಲಕ್ಕೆ ಜಾರಿ ಬಾರ್‌ಗೆ ತಾಗಿ ನಿಲ್ಲುತ್ತದೆ. ಅಂದರೆ ಬಾರ್ ಪೂರ್ತಿ ಒಳಗೆ ಎಳೆದುಕೊಂಡ ಹಾಗೇ ಆಯಿತು. ಇನ್ನು ತಳ್ಳಿ ಎಳೆತ ಇಳಿಸುವ ಮಾತಿಲ್ಲ. ಹಿಂದಿನ ಲೈನ್‌ಗಳು ಅಗತ್ಯಕ್ಕಿಂತ ಬಿಗಿಯಾಗಿದ್ದರೆ ಕೈಟ್ ಉಸಿರುಗಟ್ಟಿ ಹಿಂದಕ್ಕೆ ಬೀಳತೊಡಗುತ್ತದೆ. ಅದಕ್ಕೇ ಕೊಕ್ಕೆ ಬಿಡಿಸುವ ಮುಂಚೆ ಟ್ರಿಮ್ ಪಟ್ಟಿ ಸ್ವಲ್ಪ ಎಳೆದು ಮುಂದಿನ ಲೈನ್‌ಗಳನ್ನು ಗಿಡ್ಡ ಮಾಡಿಕೊಳ್ಳಬೇಕು. ಎಷ್ಟು ಎಳೆಯಬೇಕು? ಬಾರ್ ಪೂರ್ತಿ ಒಳಗಿದ್ದರೂ ಕೈಟ್ ಸ್ಥಿರವಾಗಿ ಹಾರುತ್ತಿರಬೇಕು, ಅಷ್ಟು. ಕೊಕ್ಕೆಯಲ್ಲಿ ಇದ್ದಾಗಲೇ ಪರೀಕ್ಷೆ ಮಾಡಿಕೊಳ್ಳಬಹುದು.

ಎರಡು, ಲೀಶ್. ಮಾಮೂಲಿ ಸವಾರಿಯಲ್ಲಿ ಲೀಶ್ ಅನ್ನು ಮುಂದಿನ ಒಂದೇ ಲೈನ್‌ಗೆ ಕಟ್ಟಿರುತ್ತಾರೆ. ಲೂಪ್‌ನ ಕ್ವಿಕ್ ರಿಲೀಸ್, ಅಂದರೆ ತಟ್ಟನೆ ಬಿಡಿಸುವ ಕೀಲು, ತಳ್ಳಿದರೆ ಕೈಟ್ ಒಂದೇ ಲೈನ್ ಮೇಲೆ ಬಾವುಟದ ಹಾಗೆ ಜೋತು ಬಿದ್ದು ಸತ್ತುಹೋಗುತ್ತದೆ. ಇಂಥ ಕಸರತ್ತು ಮಾಡುವ ಫ್ರೀಸ್ಟೈಲ್ ಸವಾರರಲ್ಲಿ ಹಲವರು ಅದನ್ನು ನೇರ ಚಿಕನ್ ಲೂಪ್‌ಗೇ ಕಟ್ಟಿಕೊಳ್ಳುತ್ತಾರೆ. ಯಾಕೆಂದರೆ ಪ್ರತಿ ಸಲ ಬಾರ್ ಕೈಬಿಟ್ಟಾಗಲೂ ಕೈಟ್ ನೀರಿಗೆ ಬಿದ್ದರೆ ಅಭ್ಯಾಸ ಮುಂದೆ ಸಾಗುವುದೇ ಇಲ್ಲ. ಆದರೆ ಹೀಗೆ ಕಟ್ಟಿದಾಗ ಬಾರ್ ಬಿಟ್ಟರೂ ಕೈಟ್ ಹಾರುತ್ತಲೇ ಇರುತ್ತದೆ, ಎಳೆಯುತ್ತಲೂ ಇರುತ್ತದೆ. ಈ ಜೋಡಣೆಗೆ ಸವಾರರು ಇಟ್ಟ ಹೆಸರು ಸೂಯಿಸೈಡ್ ಮೋಡ್. ಹೆಸರು ಸುಮ್ನೆ ಬಂದಿಲ್ಲ. ಲೀಶ್‌ನ ಇನ್ನೊಂದು ತುದಿ, ಹಾರ್ನೆಸ್‌ನ ಹತ್ತಿರ, ತನ್ನದೇ ಒಂದು ರಿಲೀಸ್ ಹೊಂದಿರುತ್ತದೆ. ಅದು ಬೆನ್ನ ಕಡೆಗೆ ಜಾರಿಹೋದಾಗಲೂ ಕಣ್ಣು ಮುಚ್ಚಿಕೊಂಡು ಎಡಗೈಯಲ್ಲೂ ಬಲಗೈಯಲ್ಲೂ ಹುಡುಕಿ ಎಳೆಯಲು ಬರಬೇಕು. ದಡದಲ್ಲಿ ನಿಂತು ಇದನ್ನು ಅಭ್ಯಾಸ ಮಾಡದವರು ಅನ್‌ಹುಕ್ ಮಾಡಬಾರದು. ಈ ವಿಷಯದಲ್ಲಿ ನನ್ನದು ಸ್ವಲ್ಪ ಹಠದ ಅಭಿಪ್ರಾಯವೇ.

ದೋಣಿಯ ಹಗ್ಗದಿಂದ ಬಂದ ವಿದ್ಯೆ

ಈ ಕಸರತ್ತುಗಳು ಕೈಟ್‌ನಲ್ಲಿ ಹುಟ್ಟಿದ್ದಲ್ಲ. ಮೋಟಾರು ದೋಣಿಯ ಹಿಂದೆ ಹಗ್ಗ ಹಿಡಿದು ಹೋಗುವ ವೇಕ್‌ಬೋರ್ಡಿಂಗ್‌ನಿಂದ ಬಂದವು. ಫ್ರಾನ್ಸಿನ ಬ್ರೂನೋ ಮತ್ತು ಡೊಮಿನಿಕ್ ಲೆಗೆನ್ಯೂ ಸಹೋದರರು 1984ರಲ್ಲಿ ಗಾಳಿ ತುಂಬುವ ಕೈಟ್‌ಗೆ ಪೇಟೆಂಟ್ ಅರ್ಜಿ ಹಾಕಿದರು. ನೀರಿಗೆ ಬಿದ್ದರೂ ಮತ್ತೆ ಎದ್ದು ಹಾರುವ ಕೈಟ್ ಅದು. 1990ರ ದಶಕದ ಕೊನೆಯಲ್ಲಿ ಹವಾಯಿಯ ಮಾವಿ ದ್ವೀಪದಲ್ಲಿ ಆಟ ಕಾವೇರಿತು. ವೇಕ್‌ಬೋರ್ಡಿಂಗ್ ಬಲ್ಲ ಲೂ ವೇನ್‌ಮನ್ ಥರದವರು ಎತ್ತರಕ್ಕೆ ಹಾರಿ ತೇಲುವುದನ್ನು ಬಿಟ್ಟು, ಕೈಟ್ ಕೆಳಗಿಟ್ಟು ಜೋರಾಗಿ ಚಿಮ್ಮುವ ಶೈಲಿಯನ್ನು ತಂದರು. ಆಮೇಲೆ ಬ್ರಿಟನ್ನಿನ ಆರನ್ ಹ್ಯಾಡ್‌ಲೋ ಹದಿಹರೆಯದಲ್ಲೇ ಗೆಲ್ಲಲು ಶುರು ಮಾಡಿ 2004ರಿಂದ 2008ರವರೆಗೆ ಸತತ ಐದು ಸಲ ವಿಶ್ವ ಫ್ರೀಸ್ಟೈಲ್ ಚಾಂಪಿಯನ್ ಆದರು. ಅದೇ 2004ರಲ್ಲಿ ಸ್ಪೇನಿನ ಹಿಸೆಲಾ ಪುಲಿಡೊ ಹತ್ತನೇ ವಯಸ್ಸಿಗೇ ಮಹಿಳೆಯರ ವಿಶ್ವ ಕಿರೀಟ ಗೆದ್ದಳು. ಹತ್ತು ವರ್ಷದ ಹುಡುಗಿಯ ತೋಳಿನಲ್ಲಿ ಎಷ್ಟು ಬಲ ಇದ್ದೀತು? ಈ ಆಟದಲ್ಲಿ ತೋಳ್ಬಲಕ್ಕಿಂತ ಸಮಯಜ್ಞಾನ ದೊಡ್ಡದು ಅನ್ನುವುದಕ್ಕೆ ಅಷ್ಟು ಸಾಕು.

ದೋಣಿಗೂ ಕೈಟ್‌ಗೂ ಒಂದು ದೊಡ್ಡ ವ್ಯತ್ಯಾಸ ಇದೆ. ದೋಣಿಯ ಹಗ್ಗ ಒಂದೇ. ಹಿಡಿಯನ್ನು ಹೇಗೆ ತಿರುಚಿದರೂ ದೋಣಿ ತನ್ನ ಪಾಡಿಗೆ ಹೋಗುತ್ತದೆ. ಕೈಟ್ ಹಾಗಲ್ಲ. ಬಾರ್‌ನ ಒಂದು ತುದಿ ಎಳೆದರೆ ಅದು ಆ ಕಡೆ ತಿರುಗುತ್ತದೆ. ಹ್ಯಾಂಡಲ್ ಪಾಸ್‌ನಲ್ಲೋ, ಬಾರ್ ಸ್ವಲ್ಪ ಹೊತ್ತು ಒಂದೇ ಕೈಯಲ್ಲಿ ಇರಲೇಬೇಕು. ಒಂದೇ ಕೈಯಲ್ಲಿ ಹಿಡಿದ ಬಾರ್ ಅಂದರೆ ಒಂದೇ ಕಡೆ ಎಳೆದ ಬಾರ್. ಇದರಿಂದ ಪಾರಾಗಲು ಇರುವ ಉಪಾಯ ಎರಡು: ಹಿಡಿತವನ್ನು ಬಾರ್‌ನ ನಟ್ಟನಡುವಿಗೆ ತರುವುದು, ಮತ್ತು ಆ ಹೊತ್ತಿಗೆ ಲೈನ್‌ಗಳಲ್ಲಿ ಬಿಗಿಯೇ ಇಲ್ಲದ ಹಾಗೆ ನೋಡಿಕೊಳ್ಳುವುದು.

ಸಡಿಲ ಎಲ್ಲಿಂದ ಬರುತ್ತದೆ?

ಜೋಕಾಲಿಯಲ್ಲಿ ಜೋರಾಗಿ ತೂಗಿಕೊಂಡವರಿಗೆ ಇದು ಗೊತ್ತು. ತೀರಾ ಮೇಲೆ ಹೋದಾಗ, ಹಿಂದಕ್ಕೆ ಬರುವ ಮುಂಚೆ, ಒಂದು ಕ್ಷಣ ಹಗ್ಗ ಸಡಿಲವಾಗುತ್ತದೆ. ಮೈಗೆ ತೂಕವೇ ಇಲ್ಲದ ಹಾಗೆ ಅನಿಸುತ್ತದೆ. ಆಮೇಲೆ ಹಗ್ಗ ಜಗ್ಗಿ ಮತ್ತೆ ಬಿಗಿಯಾಗುತ್ತದೆ. ಹ್ಯಾಂಡಲ್ ಪಾಸ್ ಮಾಡುವುದು ಆ ಕ್ಷಣದಲ್ಲಿ.

ನೀರಿನ ಮೇಲೆ ಅದನ್ನು ತರಿಸಿಕೊಳ್ಳುವುದು ಹೀಗೆ. ಕೈಟ್ ಎಲ್ಲಿದೆ ಅಂತ ಹೇಳಲು ಸವಾರರು ಗಡಿಯಾರದ ಮುಖವನ್ನು ಬಳಸುತ್ತಾರೆ. ಗಾಳಿಗೆ ಬೆನ್ನು ಹಾಕಿ ನಿಂತರೆ ನೆತ್ತಿಯ ಮೇಲೆ 12 ಗಂಟೆ, ಎಡಕ್ಕೆ ನೀರಿನ ಅಂಚಿನಲ್ಲಿ 9 ಗಂಟೆ. ನೀವು ಎಡಕ್ಕೆ ಹೋಗುತ್ತಿದ್ದೀರಿ ಅಂದುಕೊಳ್ಳಿ. ಕೈಟ್ ಹತ್ತೂವರೆಯ ಆಸುಪಾಸಿನಲ್ಲಿ ಇರಬೇಕು, ಅಲ್ಲೇ ನಿಂತಿರಬೇಕು. ಮೊದಲು ಗಾಳಿ ಹೋಗುವ ಕಡೆಗೆ ಬೋರ್ಡ್ ಸ್ವಲ್ಪ ತಿರುಗಿಸಿ ವೇಗ ತೆಗೆದುಕೊಳ್ಳುತ್ತೀರಿ. ಆಮೇಲೆ ಹಿಮ್ಮಡಿ ಊರಿ, ಬೋರ್ಡಿನ ಅಂಚನ್ನು ನೀರಿಗೆ ಕೊರೆದು, ಗಾಳಿ ಬರುವ ಕಡೆಗೆ ಹರಿತವಾಗಿ ತಿರುಗುತ್ತೀರಿ. ಕೈಟ್ ಒಂದು ಕಡೆ ಎಳೆಯುತ್ತಿದೆ, ನೀವು ಅದರಿಂದ ದೂರ ಓಡುತ್ತಿದ್ದೀರಿ. ಲೈನ್‌ಗಳಲ್ಲಿ ಬಿಗಿ ಏರುತ್ತಾ ಹೋಗುತ್ತದೆ. ತೊಡೆಯಲ್ಲಿ ಅದು ಚೆನ್ನಾಗಿ ಗೊತ್ತಾಗುತ್ತದೆ.

ಬಿಗಿ ತುದಿ ಮುಟ್ಟಿದಾಗ ಹಿಂದಿನ ಕಾಲಿನಿಂದ ಒದ್ದು ಅಂಚು ಬಿಟ್ಟುಬಿಡುತ್ತೀರಿ. ಇದೇ ಪಾಪ್. ಕೂಡಿಟ್ಟ ಎಳೆತವೆಲ್ಲ ಒಮ್ಮೆಗೇ ನಿಮ್ಮನ್ನು ಮೇಲಕ್ಕೂ ಕೈಟ್‌ನ ಕಡೆಗೂ ಎಸೆಯುತ್ತದೆ. ಈಗ ನೀವೇ ಕೈಟ್‌ನ ಹತ್ತಿರ ಹೋಗುತ್ತಿದ್ದೀರಿ. ಲೈನ್ ಉದ್ದ ಅಷ್ಟೇ, ನಡುವಿನ ದೂರ ಕಮ್ಮಿ. ಲೈನ್‌ಗಳು ಜೋಲು ಬೀಳುತ್ತವೆ. ಅದೇ ಹೊತ್ತಿಗೆ ಕೈಟ್‌ಗೆ ತಾಗುವ ಗಾಳಿಯ ವೇಗವೂ ಇಳಿಯುತ್ತದೆ, ಯಾಕೆಂದರೆ ಅದನ್ನು ಗಾಳಿಗೆ ಎದುರಾಗಿ ಹಿಡಿದು ನಿಲ್ಲಿಸುವವರು ಯಾರೂ ಇಲ್ಲ. ಕೈಟ್‌ನ ಎಳೆತ ಗಾಳಿಯ ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ವೇಗ ಅರ್ಧವಾದರೆ ಎಳೆತ ಕಾಲುಭಾಗ.

ಇದೇ ಲೆಕ್ಕ ಇನ್ನೊಂದು ಕಡೆಯಿಂದಲೂ ಕಾಡುತ್ತದೆ. 20 ನಾಟ್ ಗಾಳಿ ಬೀಸುವಾಗ ಒಂದು ಹೊಡೆತ 24 ನಾಟ್‌ಗೆ ಏರಿತು ಅನ್ನಿ. ಗಾಳಿ ಹೆಚ್ಚಿದ್ದು ಐದನೇ ಒಂದು ಭಾಗ. ಎಳೆತ ಹೆಚ್ಚುವುದು ಶೇ. 44. ಅದಕ್ಕೇ ಹ್ಯಾಂಡಲ್ ಪಾಸ್ ಕಲಿಯುವವರು ಜೋರು ಗಾಳಿಗಿಂತ ಸಮನಾದ ಗಾಳಿಯನ್ನು ಹುಡುಕಿಕೊಂಡು ದೇಶ ದೇಶ ಅಲೆಯುತ್ತಾರೆ.

ಈಗ ಸಮಯದ ಲೆಕ್ಕ. ಕೈಟ್ ಎತ್ತಿ ಹಿಡಿಯದೆ, ಬರೀ ಪಾಪ್‌ನಿಂದ ನೀವು ಒಂದೂವರೆ ಮೀಟರ್ ಎತ್ತರಕ್ಕೆ ಹೋದರೆ ಗಾಳಿಯಲ್ಲಿ ಸಿಗುವುದು ಸುಮಾರು 1.1 ಸೆಕೆಂಡು. ಎರಡು ಮೀಟರ್ ಆದರೆ 1.3 ಸೆಕೆಂಡು. ಇದರ ಮೊದಲ ಭಾಗ ಎಳೆತದಲ್ಲೇ ಹೋಗುತ್ತದೆ, ಕೊನೆಯ ಭಾಗದಲ್ಲಿ ಕೈಟ್ ಮತ್ತೆ ಗಾಳಿ ಹಿಡಿದಿರುತ್ತದೆ. ಬಾರ್ ದಾಟಿಸಲು ಉಳಿಯುವುದು ನಡುವಿನ ಒಂದು ಸಣ್ಣ ತುಂಡು ಅಷ್ಟೇ.

ಹಾಗಾದರೆ ಇನ್ನೂ ಎತ್ತರ ಹಾರಿದರೆ ಜಾಸ್ತಿ ಸಮಯ ಸಿಗುತ್ತದೆ ಅಲ್ವಾ? ಎಲ್ಲರೂ ಮೊದಲು ಯೋಚಿಸುವುದು ಹಾಗೇ. ಹೆಚ್ಚು ಎತ್ತರ ಬೇಕೆಂದರೆ ಕೈಟ್ ಅನ್ನು 12ರ ಕಡೆಗೆ ಕಳಿಸಬೇಕು. ಹಾಗೆ ಕಳಿಸಿದ ಕೈಟ್ ನಿಮ್ಮನ್ನು ಮೇಲಿನಿಂದ ಎತ್ತಿ ಹಿಡಿದಿರುತ್ತದೆ, ಲೈನ್‌ಗಳು ಇಳಿಯುವವರೆಗೂ ಬಿಗಿ. ಬಾರ್ ತಲೆಯ ಮೇಲೆಯೇ ಇರುತ್ತದೆ, ಸೊಂಟಕ್ಕೆ ಬರುವುದೇ ಇಲ್ಲ. ಹತ್ತು ಮೀಟರ್ ಎತ್ತರಕ್ಕೆ ಹಾರಬಲ್ಲವರು ಒಂದೂವರೆ ಮೀಟರಿನ ಪಾಸ್ ಮುಂದೆ ಒದ್ದಾಡುವುದು ಇದರಿಂದಲೇ. ಮೊದಲು ಕಲಿತದ್ದನ್ನು ಮರೆಯಬೇಕಾಗುತ್ತದೆ.

ಬಾರ್ ಸೊಂಟಕ್ಕೆ

ಸಡಿಲ ಸಿಕ್ಕಿತು. ಈಗ ಒಂದು ಪಾಸ್ ಅನ್ನು ಹತ್ತಿರದಿಂದ ನೋಡೋಣ. ಎಡಕ್ಕೆ ಹೋಗುತ್ತಿದ್ದೀರಿ, ಎಡಗೈ ಮುಂದಿನದು. ಕಸರತ್ತಿನ ಹೆಸರು ಬ್ಲೈಂಡ್ ಜಡ್ಜ್.

ಪಾಪ್ ಆಯಿತು. ಮೈ ಕೈಟ್‌ನ ಹಿಂದೆ ಉದ್ದಕ್ಕೆ ಚಾಚಿಕೊಂಡಿತು, ಬೋರ್ಡ್ ತಲೆಯ ಮಟ್ಟಕ್ಕೆ ಬಂತು. ಈ ಭಂಗಿಯೇ ರೇಲಿ. ಎರಡೂ ಕೈ ಬಾರ್‌ನ ನಡುವೆ, ಒಂದಕ್ಕೊಂದು ಹತ್ತಿರ. ರೇಲಿಯ ತುದಿಯಲ್ಲಿ ಕಾಲು ಕೆಳಗಿಳಿಯಲು ಶುರುವಾಗುತ್ತಿದ್ದಂತೆ ಎರಡೂ ಕೈಯಿಂದ ಬಾರನ್ನು ಎಡ ಸೊಂಟಕ್ಕೆ ಜಗ್ಗುತ್ತೀರಿ. ಜಗ್ಗುವುದು ಅಂದರೆ ನಿಜವಾಗಿ ಬಾರ್ ಇದ್ದಲ್ಲಿಗೆ ನೀವೇ ಹೋಗುವುದು. ಬಲಗೈ ಬಿಡುತ್ತೀರಿ. ತಲೆ ಬಲಕ್ಕೆ ತಿರುಗುತ್ತದೆ, ಭುಜ ಅದರ ಹಿಂದೆ, ಸೊಂಟ ಭುಜದ ಹಿಂದೆ. ಬೆನ್ನು ಕೈಟ್‌ನ ಕಡೆಗೆ ಬಂತು. ಎಡಗೈ ಬಾರ್ ಸಮೇತ ಬೆನ್ನಿನ ಕೆಳಭಾಗಕ್ಕೆ ಅಂಟಿಕೊಂಡಿದೆ. ಬಲಗೈ ಬಲಗಡೆಯಿಂದ ಸುತ್ತಿ ಹಿಂದೆ ಹೋಗಿ, ಕಣ್ಣಿಗೆ ಕಾಣದ ಬಾರನ್ನು ಹುಡುಕಿ ಹಿಡಿಯುತ್ತದೆ. ಎಡಗೈ ಬಿಡುತ್ತದೆ. ಉಳಿದ ಅರ್ಧ ಸುತ್ತು ಮುಗಿದು ಎದೆ ಮತ್ತೆ ಕೈಟ್‌ನ ಕಡೆಗೆ ಬರುವಷ್ಟರಲ್ಲಿ ಬೋರ್ಡ್ ನೀರಿಗೆ ತಾಗುತ್ತದೆ.

ಬಾರ್ ಸೊಂಟಕ್ಕೇ ಯಾಕೆ? ಇದರ ಉತ್ತರ ಹೈಸ್ಕೂಲಿನ ಭೌತಶಾಸ್ತ್ರದಲ್ಲಿದೆ. ಗಾಳಿಯಲ್ಲಿ ತಿರುಗುವ ಮೈ ತನ್ನ ಗುರುತ್ವ ಕೇಂದ್ರದ ಸುತ್ತ ತಿರುಗುತ್ತದೆ, ಅದು ಇರುವುದು ಹೊಕ್ಕುಳಿನ ಆಸುಪಾಸು. ಲೈನ್‌ನಲ್ಲಿ ಉಳಿದಿರುವ ಎಳೆತ ಆ ಕೇಂದ್ರದಿಂದ ಎಷ್ಟು ದೂರದಲ್ಲಿ ಹಿಡಿದು ಎಳೆಯುತ್ತದೋ ಅಷ್ಟು ಗಿರಕಿಯನ್ನು ತಡೆಯುತ್ತದೆ. ತೋಳು ಚಾಚಿ ಬಾರನ್ನು 60 ಸೆಂ.ಮೀ. ದೂರದಲ್ಲಿ ಹಿಡಿದರೆ, 10 ಸೆಂ.ಮೀ. ದೂರದಲ್ಲಿ ಹಿಡಿದದ್ದಕ್ಕಿಂತ ಆರು ಪಟ್ಟು ತಡೆ. ಜೊತೆಗೆ ತೋಳು ಮೈಗೆ ಹತ್ತಿರ ಬಂದಷ್ಟೂ ಗಿರಕಿಯ ವೇಗ ತಾನಾಗಿ ಏರುತ್ತದೆ. ಬಾರ್ ಸೊಂಟಕ್ಕೆ ತಂದರೆ ಎರಡೂ ಲಾಭ ಒಟ್ಟಿಗೆ. ತೋಳು ಚಾಚಿಕೊಂಡೇ ತಿರುಗಲು ಹೋದವರು ಅರ್ಧಕ್ಕೆ ನಿಂತು, ಬೆನ್ನು ಕೆಳಗಾಗಿ ಬೀಳುತ್ತಾರೆ.

ಇನ್ನು ಯಾವ ಕೈ ಬಾರ್‌ನ ಎಲ್ಲಿ ಹಿಡಿದಿದೆ ಅನ್ನುವುದೂ ಮುಖ್ಯ. ಎಡಗೈ ನಡುವಿನಿಂದ ಎಡಕ್ಕೆ ಸರಿದಿದ್ದರೆ ಕೈಟ್ ಎಡಕ್ಕೆ, ಅಂದರೆ ನೀರಿನ ಕಡೆಗೆ ಧುಮುಕುತ್ತದೆ. ಪಾಪ್ ಮಾಡುವಾಗ ಗೊತ್ತಿಲ್ಲದೆ ಬಲಗೈ ಜಗ್ಗಿದರೆ ಅದು ನೆತ್ತಿಯ ಕಡೆಗೆ ಏರುತ್ತದೆ. ಎರಡನೆಯದು ಹೆಚ್ಚು ಅಪಾಯ. ಬಾರ್ ಕೈತಪ್ಪಿದರೆ ಎತ್ತರದಿಂದ ಆಧಾರವಿಲ್ಲದೆ ಬೀಳುವುದು ಆಗಲೇ. ಹಲವರು ಬಾರ್‌ನ ನಡುವೆ ಒಂದು ಸುತ್ತು ಟೇಪ್ ಸುತ್ತಿ ಗುರುತು ಮಾಡಿಕೊಳ್ಳುತ್ತಾರೆ. ಬೆನ್ನ ಹಿಂದೆ ಕಣ್ಣಿಲ್ಲ, ಬೆರಳಿಗೆ ಗೊತ್ತಾಗಬೇಕಲ್ಲ.

ಕಲಿಯುವ ದಾರಿ

ಮೊದಲ ಪಾಸ್ ಆಗುವುದು ಒಣ ನೆಲದ ಮೇಲೆ. ಒಂದು ಹಳೇ ಬಾರ್ ಅಥವಾ ಕೋಲಿಗೆ ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿಯನ್ನು ಎದೆಮಟ್ಟಕ್ಕಿಂತ ಮೇಲೆ ಕಂಬಕ್ಕೋ ಮರಕ್ಕೋ ಬಿಗಿಯಿರಿ. ಹಿಂದಕ್ಕೆ ವಾಲಿ, ಮರದ ಕಡೆಗೆ ಜಿಗಿದು, ಬಾರ್ ಸೊಂಟಕ್ಕೆ ತಂದು, ತಿರುಗಿ, ದಾಟಿಸಿ. ಮರದ ಕಡೆಗೆ ಜಿಗಿಯದೆ ನಿಂತಲ್ಲೇ ತಿರುಗಿ ನೋಡಿ, ಹಗ್ಗ ಬಿಡುವುದೇ ಇಲ್ಲ. ಮೇಲೆ ಹೇಳಿದ ಸಡಿಲದ ವಿಷಯವೆಲ್ಲ ಆ ಒಂದು ಜಿಗಿತದಲ್ಲಿ ಅರ್ಥವಾಗುತ್ತದೆ. ಟ್ರ್ಯಾಂಪೊಲಿನ್ ಸಿಕ್ಕರೆ ಇನ್ನೂ ಒಳ್ಳೆಯದು. ದೋಣಿಯ ಬದಲು ಮೇಲಿನ ತಂತಿಯೇ ಸವಾರನನ್ನು ಎಳೆಯುವ ವೇಕ್‌ಬೋರ್ಡ್ ಕೇಬಲ್ ಪಾರ್ಕ್ ಹತ್ತಿರ ಇರುವ ಊರಿನವರು ಅದೃಷ್ಟವಂತರು.

ನೀರಿಗೆ ಇಳಿದ ಮೇಲೆ ಮೊದಲು ಸುಮ್ಮನೆ ಅನ್‌ಹುಕ್ ಮಾಡಿ ಸವಾರಿ. ಆಮೇಲೆ ಕೊಕ್ಕೆ ಹಾಕಿಕೊಂಡೇ ಕೈಟ್ ಅಲುಗಾಡಿಸದೆ ಪಾಪ್. ಆಮೇಲೆ ಅನ್‌ಹುಕ್ ಮಾಡಿ ಪಾಪ್. ಆಮೇಲೆ ರೇಲಿ. ಈ ರೇಲಿಯ ಹಂತದಲ್ಲಿ ಜನ ಆತುರ ಪಡುತ್ತಾರೆ. ರೇಲಿ ಹೇಗೋ ಒಂದು ಇಳಿಯಿತು ಅಂದ ಕೂಡಲೇ ಪಾಸ್‌ಗೆ ಕೈ ಹಾಕುತ್ತಾರೆ. ನೀವು ರೇಲಿಯ ತುದಿಯಲ್ಲಿ ಬಾರನ್ನು ಎರಡೂ ಕೈಯಿಂದ ಸೊಂಟಕ್ಕೆ ತಂದು, ಅಲ್ಲೇ ಇಟ್ಟುಕೊಂಡು ಇಳಿಯಬಲ್ಲಿರಾ? ಹತ್ತರಲ್ಲಿ ಒಂಬತ್ತು ಸಲ ಆಗದಿದ್ದರೆ ಮುಂದಿನದಕ್ಕೆ ಅರ್ಥ ಇಲ್ಲ.

ಮುಂದಿನದು ಬ್ಲೈಂಡ್. ಅರ್ಧ ಸುತ್ತು ತಿರುಗಿ, ಬಾರ್ ಒಂದೇ ಕೈಯಲ್ಲಿ ಸೊಂಟದ ಹತ್ತಿರ ಹಿಡಿದು, ಕೈಟ್‌ಗೆ ಬೆನ್ನು ಹಾಕಿ ನೀರಿಗೆ ಇಳಿಯುವುದು. ಇದು ಕಣ್ಣು ಕಟ್ಟಿದ ಹಾಗೆ ಅನಿಸುತ್ತದೆ, ಮೈ ಒಪ್ಪುವುದೇ ಇಲ್ಲ. ಇಲ್ಲೊಂದು ಗುಟ್ಟು: ಇಳಿಯುವಾಗ ಬೋರ್ಡಿನ ಮೂತಿ ಗಾಳಿ ಹೋಗುವ ಕಡೆಗೆ ತಿರುಗಿರಬೇಕು. ಹಾಗೆ ಇಳಿದರೆ ನೀವು ನೀರಿನ ಮೇಲೂ ಕೈಟ್‌ನ ಕಡೆಗೇ ಜಾರುತ್ತೀರಿ, ಲೈನ್‌ಗಳು ಇನ್ನೂ ಒಂದೆರಡು ಕ್ಷಣ ಸಡಿಲವಾಗಿರುತ್ತವೆ. ಆ ಹೊತ್ತಿನಲ್ಲೇ ನೀರಿನ ಮೇಲೆ ಬಾರ್ ದಾಟಿಸಿ ಪೂರ್ತಿ ತಿರುಗಬಹುದು. ಇದಕ್ಕೆ ಸರ್ಫೇಸ್ ಪಾಸ್ ಅನ್ನುತ್ತಾರೆ. ಗಾಳಿಯಲ್ಲಿ ಮಾಡುವ ಪಾಸ್ ಅಂದರೆ ಇದೇ ಕೆಲಸವನ್ನು ಒಂದಿಷ್ಟು ಮೊದಲು ಮಾಡುವುದು. ಸರ್ಫೇಸ್ ಪಾಸ್ ದಿನದಿಂದ ದಿನಕ್ಕೆ ಬೇಗ ಆಗುತ್ತಾ ಬಂದು, ಒಂದು ದಿನ ಬೋರ್ಡ್ ನೀರು ಮುಟ್ಟುವ ಮುಂಚೆಯೇ ಮುಗಿದಿರುತ್ತದೆ.

ಆಗದಿದ್ದಾಗ ತಪ್ಪು ಎಲ್ಲಿದೆ ಅಂತ ಹುಡುಕುವುದೂ ಒಂದು ಕಲೆ. ತಪ್ಪು ಸಾಮಾನ್ಯವಾಗಿ ಅದು ಕಾಣಿಸಿಕೊಂಡ ಜಾಗದಲ್ಲಿ ಇರುವುದಿಲ್ಲ. ಬೆನ್ನ ಹಿಂದೆ ಬಾರ್ ಸಿಗಲಿಲ್ಲ ಅಂದರೆ ಕೈ ಗಿಡ್ಡವಾಯಿತು ಅಂತಲ್ಲ, ಬಾರ್ ದೂರ ಇತ್ತು ಅಂತ. ದೂರ ಇದ್ದದ್ದು ಲೈನ್ ಬಿಗಿಯಿದ್ದದ್ದಕ್ಕೆ. ಬಿಗಿಯಿದ್ದದ್ದು ಕೈಟ್ ಮೇಲೆ ಇದ್ದದ್ದಕ್ಕೆ, ಇಲ್ಲವೇ ಪಾಪ್ ಪೊಳ್ಳಾದದ್ದಕ್ಕೆ. ಪಾಪ್ ಪೊಳ್ಳಾಗುವುದಕ್ಕೆ ತೀರಾ ಸಾಮಾನ್ಯ ಕಾರಣ ಅವಸರ. ಬೋರ್ಡ್ ಇನ್ನೂ ನೀರಿನಲ್ಲಿರುವಾಗಲೇ ಭುಜ ತಿರುಗಲು ಶುರು ಮಾಡಿರುತ್ತದೆ, ಅಂಚು ಜಾರಿ ಕೂಡಿಟ್ಟ ಬಿಗಿಯೆಲ್ಲ ಸೋರಿಹೋಗಿರುತ್ತದೆ. ಫೋನಿನ ಸ್ಲೋ ಮೋಷನ್‌ನಲ್ಲಿ ಯಾರಾದರೂ ವಿಡಿಯೋ ಮಾಡಿಕೊಟ್ಟರೆ ಇದು ಎದ್ದು ಕಾಣುತ್ತದೆ. ಸೆಕೆಂಡಿಗೆ 240 ಚಿತ್ರ ತೆಗೆಯುವ ಫೋನಿನಲ್ಲಿ 1.1 ಸೆಕೆಂಡಿನ ಹಾರಾಟ 264 ಚಿತ್ರಗಳಾಗಿ ಬಿಡಿಸಿಕೊಳ್ಳುತ್ತದೆ. ನೋಡುವಾಗ ಕೈ ನೋಡಬೇಡಿ. ಬೋರ್ಡ್ ನೀರು ಬಿಟ್ಟ ಚಿತ್ರದಲ್ಲಿ ನಿಲ್ಲಿಸಿ, ಕೈಟ್ ಎಲ್ಲಿದೆ, ಭುಜ ಯಾವ ಕಡೆಗಿದೆ ಅಂತ ನೋಡಿ.

ಹೆಸರುಗಳ ಗೋಜಲು

ಕಸರತ್ತುಗಳ ಹೆಸರು ಕೇಳಿದರೆ ಗೂಢಚಾರರ ಸಂಕೇತದ ಹಾಗಿರುತ್ತವೆ. ಒಳಗಿನ ಲೆಕ್ಕ ಸರಳ: ಒಂದು ಮೂಲ ಜಿಗಿತ, ಅದರ ಮೇಲೆ ಒಂದು ಪಾಸ್. ರೇಲಿಗೆ ಬೆನ್ನು ಮೊದಲು ತಿರುಗಿಸುವ 360 ಡಿಗ್ರಿಯ ಪಾಸ್ ಸೇರಿಸಿದರೆ ಬ್ಲೈಂಡ್ ಜಡ್ಜ್. ಎದೆ ಮೊದಲು ತಿರುಗಿಸಿದರೆ 313. ಹಿಂದಕ್ಕೆ ಪಲ್ಟಿ ಹೊಡೆದು ಎದೆ ಮೊದಲಾದ ಪಾಸ್ ಮಾಡಿದರೆ ಬ್ಯಾಕ್ ಮೋಬ್, ಬೆನ್ನು ಮೊದಲಾದರೆ ಕೆಜಿಬಿ. ಮುಂದಕ್ಕೆ ಪಲ್ಟಿ ಹೊಡೆದು ಪಾಸ್ ಸೇರಿಸಿದರೆ ಸ್ಲಿಮ್ ಚಾನ್ಸ್. ಎಸ್-ಬೆಂಡ್ ಅನ್ನುವುದರಲ್ಲಿ ಮಾತ್ರ ಪಾಸ್ ಇಲ್ಲ. ರೇಲಿಯಲ್ಲಿ ಚಾಚಿಕೊಂಡೇ, ಬಾರ್ ತಲೆಯ ಮೇಲೆ ಹಿಡಿದು ಮೈ ಸುತ್ತಿಸುವುದು. 313 ಅನ್ನುವುದು ಡಿಗ್ರಿ ಅಲ್ಲ, ಆ ಸಂಖ್ಯೆಯನ್ನು ಲೆಕ್ಕ ಹಾಕಲು ಹೋಗಬೇಡಿ.

ಒಂದೇ ಜಿಗಿತದಲ್ಲಿ ಬಾರ್ ಎರಡು ಸಲ ಬೆನ್ನ ಹಿಂದೆ ಹಾದರೆ ಡಬಲ್ ಪಾಸ್. ಬ್ರೆಜಿಲ್‌ನ ಬ್ರೂನಾ ಕಾಜಿಯಾ ಬ್ಯಾಕ್‌ಸೈಡ್ 315 ಅನ್ನುವ ಡಬಲ್ ಪಾಸ್ ಇಳಿಸಿದ ಮೊದಲ ಮಹಿಳೆ. ಡಬಲ್‌ಗೆ ಕೈ ಎರಡು ಪಟ್ಟು ಬೇಗ ಓಡುವುದಿಲ್ಲ. ಪಾಪ್ ಇನ್ನೂ ಬಿರುಸು, ಸಡಿಲ ಇನ್ನೂ ಉದ್ದ, ಮೈ ಇನ್ನೂ ಮುದುರಿಕೊಂಡಿರುತ್ತದೆ.

ಸಾಮಾನು, ಏಟು, ಜಾಗ

ಈ ಕೆಲಸಕ್ಕೆ ಸಿ-ಕೈಟ್ ಒಗ್ಗುತ್ತದೆ. ಮುಂದಿನಿಂದ ನೋಡಿದರೆ ಇಂಗ್ಲಿಷಿನ ಸಿ ಅಕ್ಷರದ ಆಕಾರ, ಎರಡೂ ತುದಿ ನೆಟ್ಟಗೆ ಕೆಳಗೆ. ಸವಾರ ಹತ್ತಿರ ಬಂದಾಗ ಇದು ಮುಂದಕ್ಕೆ ನುಗ್ಗದೆ ಇದ್ದಲ್ಲೇ ತೇಲಿ ಸಡಿಲ ಕೊಡುತ್ತದೆ. ಶಾಲೆಗಳಲ್ಲಿ ಕಲಿಸಲು ಬಳಸುವ ಚಪ್ಪಟೆ ಕೈಟ್‌ಗಳಲ್ಲಿ ಎಳೆತ ಇಳಿಸುವುದು ಸುಲಭ, ಸುರಕ್ಷತೆ ಹೆಚ್ಚು. ಆದರೆ ಅವು ಸದಾ ಸ್ವಲ್ಪ ಎಳೆಯುತ್ತಲೇ ಇರುತ್ತವೆ. ರೇಲಿಯವರೆಗೆ ಅವು ಸಾಕು. ಬೋರ್ಡ್ ಗಟ್ಟಿಯಾಗಿರಬೇಕು. ಬೂಟು ಹಾಕಿದರೆ ಅಂಚು ಚೆನ್ನಾಗಿ ಹಿಡಿಯುತ್ತದೆ, ಆದರೆ ತಪ್ಪಾಗಿ ಬಿದ್ದಾಗ ಬೋರ್ಡ್ ಕಳಚಿಕೊಳ್ಳದೆ ಮಂಡಿಯನ್ನೇ ತಿರುಚುತ್ತದೆ. ಫ್ರೀಸ್ಟೈಲ್ ಸವಾರರಿಗೆ ಮಂಡಿಯ ಲಿಗಮೆಂಟ್ ಹರಿಯುವುದು ಹೊಸದಲ್ಲ. ಮೊದಲ ಪಾಸ್‌ಗಳನ್ನು ಬೋರ್ಡಿನ ಮೇಲೆ ಪಾದ ತೂರಿಸುವ ಪಟ್ಟಿಯಲ್ಲೇ ಕಲಿತು ಆಮೇಲೆ ಬೂಟಿಗೆ ಹೋಗುವುದು ಜಾಣತನ ಅಂತ ನನಗನಿಸುತ್ತದೆ, ಒಪ್ಪದವರು ಬಹಳ ಜನ ಇದ್ದಾರೆ. ಭುಜಕ್ಕೂ ಏಟು ಬೀಳುತ್ತದೆ: ಸಡಿಲ ಮುಗಿದ ಮೇಲೂ ಬಾರ್ ಬಿಡದೆ ಹಿಡಿದರೆ ಲೈನ್ ಒಮ್ಮೆಗೇ ಬಿಗಿಯಾಗಿ, ಬೆನ್ನ ಹಿಂದೆ ಇರುವ ಕೈಯನ್ನು ಜಗ್ಗುತ್ತದೆ. ತಡವಾಯಿತು ಅನಿಸಿದರೆ ಬಾರ್ ಬಿಟ್ಟುಬಿಡಿ. ಹೆಲ್ಮೆಟ್ ಮತ್ತು ಇಂಪ್ಯಾಕ್ಟ್ ಜಾಕೆಟ್ ಬಗ್ಗೆ ವಾದವೇ ಬೇಡ.

ಅಲೆಯಿಲ್ಲದ ನೀರು, ಏರಿಳಿತವಿಲ್ಲದ ಗಾಳಿ, ಇವೆರಡೂ ಸಿಗುವ ಜಾಗಗಳಿಗೆ ಫ್ರೀಸ್ಟೈಲ್ ಮಂದಿ ಪ್ರತಿ ವರ್ಷ ವಲಸೆ ಹೋಗುತ್ತಾರೆ. ಬ್ರೆಜಿಲ್‌ನ ಕುಂಬುಕೊ ಹತ್ತಿರದ ಕೌಯಿಪಿ ಲಗೂನ್, ಸಿಸಿಲಿಯ ಮಾರ್ಸಾಲಾ ಪಕ್ಕದ ಲೋ ಸ್ಟಾನ್ಯೋನೆ, ದಕ್ಷಿಣ ಆಫ್ರಿಕಾದ ಲಾಂಗಬಾನ್ ಇಂಥವು.

ನಮ್ಮ ಕರಾವಳಿ ಇದಕ್ಕೆ ಹೊಂದುವುದಿಲ್ಲ. ಮೂಲ್ಕಿಯಲ್ಲಿ ಸರ್ಫಿಂಗ್ ಬೇರೂರಿದೆ, ಅದು ಅಲೆಯ ಆಟ. ಮಳೆಗಾಲದ ಗಾಳಿ ದಡಕ್ಕೇ ನುಗ್ಗುತ್ತದೆ, ಕಡಲೂ ಉಗ್ರ. ಬೇಸಿಗೆಯ ಮಧ್ಯಾಹ್ನದ ಕಡಲಗಾಳಿ ಸಾಮಾನ್ಯವಾಗಿ ಸಾಲದು. ಬೆಂಗಳೂರಿನವರಿಗೆ ಕೈಗೆಟುಕುವ ಜಾಗ ರಾಮೇಶ್ವರ, ರಸ್ತೆಯಲ್ಲಿ ಸುಮಾರು 600 ಕಿ.ಮೀ. ಬೇಸಿಗೆಯ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಗಾಳಿ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಈಶಾನ್ಯ ಗಾಳಿ. ಒಂದು ಕಡೆ ಮನ್ನಾರ್ ಕೊಲ್ಲಿ, ಇನ್ನೊಂದು ಕಡೆ ಪಾಕ್ ಕೊಲ್ಲಿ ಇರುವುದರಿಂದ ಗಾಳಿ ಬದಲಾದರೂ ಒಂದಲ್ಲ ಒಂದು ಬದಿಯಲ್ಲಿ ಸಪಾಟು ನೀರು ಸಿಗುತ್ತದೆ. ಕೈಟ್ ಕಲಿಸುವವರೂ ಇದ್ದಾರೆ. ನೀರು ಹಲವು ಕಡೆ ಮಂಡಿಯುದ್ದ ಮಾತ್ರ. ಕಲಿಯುವವರಿಗೆ ಅದು ವರ, ರೇಲಿ ಹೊಡೆಯುವವರಿಗೆ ಅಲ್ಲ. ಎದೆಯಷ್ಟು ಆಳ ಎಲ್ಲಿದೆ ಅಂತ ಅಲ್ಲಿನವರನ್ನು ಕೇಳಿ, ಗಾಳಿ ಹೋಗುವ ದಿಕ್ಕಿನಲ್ಲಿ ದೋಣಿ, ಬಲೆ, ಮನುಷ್ಯರು ಯಾರೂ ಇಲ್ಲ ಅಂತ ನೋಡಿಕೊಂಡು ಕೊಕ್ಕೆ ಬಿಡಿಸಿ. ಹೊರಡುವ ಮುಂಚೆ ಫೋನ್ ಮಾಡಿ ಒಂದು ಮಾತು ವಿಚಾರಿಸುವುದೂ ಒಳ್ಳೆಯದು: ಬಾಡಿಗೆಗೆ ಕೊಡುವ ಬಾರ್‌ನಲ್ಲಿ ಅನ್‌ಹುಕ್ ಮಾಡಲು ಬಿಡುತ್ತಾರಾ, ಹ್ಯಾಂಡಲ್ ಪಾಸ್‌ಗೆ ಬೇಕಾದ ಉದ್ದದ ಲೀಶ್ ಇದೆಯಾ ಅಂತ. ಇಲ್ಲ ಅಂದರೆ ನಿಮ್ಮದನ್ನೇ ಹೊತ್ತುಕೊಂಡು ಹೋಗಿ.